ಓದುಗರ ಪ್ರಶ್ನೆಗಳು: ಐರಿಷ್ ಶಾಲೆಯ ಸ್ವಯಂಸೇವೆಗೆ ಹೊರಡುವ ಮುನ್ನ

ಉತ್ತರ ಐರ್ಲೆಂಡಿನ ಪಶ್ಚಿಮ ಬೆಲ್‌ಫಾಸ್ಟ್‌ನ ಒಂದು ಸಮುದಾಯ ಭವನದಲ್ಲಿಯೂ ಅದಕ್ಕೆ ಸಮೀಪದ ಐರಿಷ್ (ಐರ್ಲೆಂಡಿನ ಮೂಲ ಭಾಷೆ) ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿಯೂ ಸ್ವಯಂಸೇವಕಿಯಾಗಿ ನಾನು ಕಳೆದ ಹತ್ತು ತಿಂಗಳುಗಳ ಅನುಭವವನ್ನು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಡಿ.ಎಡ್. ಮುಗಿಸಿ ಮೂರು ವರ್ಷಗಳಿಂದ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ನಿಮ್ಮಂತೆ ನಾನೂ ಒಂದು ವರ್ಷ ಐರಿಷ್ ಶಾಲೆಯಲ್ಲಿ ಕೆಲಸ ಮಾಡಬೇಕೆಂಬ ಆಸೆಯಿದೆ. ಐರಿಷ್ ಒಂದಕ್ಷರವೂ ಬಾರದು, ಆದರೆ ಇಂಗ್ಲಿಷ್ ಸರಾಗವಾಗಿ ಬರುತ್ತದೆ. ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಗೊತ್ತಿರುವುದರಿಂದ ತೊಂದರೆಯಾಗಲಾರದು ಎಂದು ಭಾವಿಸಿದ್ದೇನೆ. ಸರಿಯೇ?

ಉತ್ತರ: ತೊಂದರೆ ಇರುವುದೇ ಅಲ್ಲಿ. ಐರಿಷ್ ಮಾಧ್ಯಮದ ಶಾಲೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಇಂಗ್ಲಿಷ್. ಅಂಗಡಿ, ಬಸ್ಸು, ಟಿ.ವಿ., ಅಜ್ಜಿಯ ಮನೆ, ಎಲ್ಲೆಡೆಯೂ ಅವರ ಕಿವಿಗೆ ಬೀಳುವುದು ಇಂಗ್ಲಿಷೇ. ಐರಿಷ್ ಅವರಿಗೆ ದಕ್ಕುವುದು ಶಾಲೆಯ ಗೇಟಿನ ಒಳಗೆ ಕಳೆಯುವ ಐದಾರು ಗಂಟೆಗಳಲ್ಲಿ ಮಾತ್ರ. ಆದ್ದರಿಂದಲೇ ಅಲ್ಲಿನ ಕ್ರಮ ಪೂರ್ಣ ಮುಳುಗಿಸುವಿಕೆಯದು: ಪಾಠವಷ್ಟೇ ಅಲ್ಲ, ಊಟದ ಡಬ್ಬಿ ತೆರೆಯುವುದು, ಸಾಲಾಗಿ ನಿಲ್ಲುವುದು, ಮೂಗು ಒರೆಸಿಕೊಳ್ಳುವುದು, ಜಗಳ ಬಿಡಿಸುವುದು, ಎಲ್ಲವೂ ಐರಿಷಿನಲ್ಲೇ ನಡೆಯಬೇಕು. ಇಂತಹ ಕೋಣೆಗೆ ಇಂಗ್ಲಿಷ್ ಮಾತ್ರ ಬಲ್ಲ ಒಬ್ಬ ಪ್ರೀತಿಪಾತ್ರ ವ್ಯಕ್ತಿ ಬಂದು ಕುಳಿತರೆ, ಮಕ್ಕಳು ಆ ವ್ಯಕ್ತಿಯ ಮೇಲಿನ ಅಕ್ಕರೆಯಿಂದಲೇ ಇಂಗ್ಲಿಷಿಗೆ ಹೊರಳುತ್ತಾರೆ.

ಇದು ನನಗೆ ಅರ್ಥವಾದದ್ದು ನಾನೇ ತಪ್ಪು ಮಾಡಿದ ಮೇಲೆ. ಎರಡನೆಯ ವಾರದ ಒಂದು ಮಳೆಯ ಮಧ್ಯಾಹ್ನ, ಕೋಟು ತೂಗುಹಾಕುವ ಗೂಟಗಳ ಕೆಳಗೆ ನಾಲ್ಕು ವರ್ಷದ ಹುಡುಗನೊಬ್ಬ ಒದ್ದೆಯಾದ ಬೂಟಿನ ಲೇಸನ್ನು ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಮಂಡಿಯೂರಿ ಲೇಸು ಕಟ್ಟುತ್ತಾ, ಮನೆಗೆ ಹೋದ ಮೇಲೆ ಏನು ಆಡುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಉತ್ಸಾಹದಿಂದ ಇಂಗ್ಲಿಷಿನಲ್ಲೇ ಹೇಳತೊಡಗಿದ. ಪಕ್ಕದಲ್ಲಿ ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದ ಹುಡುಗಿ ಸೇರಿಕೊಂಡಳು. ಮತ್ತಿಬ್ಬರು ಬಂದರು. ಎರಡು ನಿಮಿಷದಲ್ಲಿ ಆ ಮೂಲೆಯಲ್ಲಿ ಐರಿಷಿನ ಒಂದು ಪದವೂ ಉಳಿಯಲಿಲ್ಲ. ಶಿಕ್ಷಕಿ ನನ್ನನ್ನು ಗದರಲಿಲ್ಲ. ಮರುದಿನ ಬೆಳಗ್ಗೆ ಒಂದು ಚೀಟಿಯನ್ನು ಕೈಗಿತ್ತರು. ಅದರಲ್ಲಿ ಬೂಟು, ಲೇಸು, ಗಂಟು, ಎಡಗಾಲು, ಬಲಗಾಲು, ಒದ್ದೆ, ಬಿಗಿ, ಸಡಿಲ ಎಂಬ ಪದಗಳ ಐರಿಷ್ ರೂಪಗಳಿದ್ದವು. ಆ ಚೀಟಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಹಾಗಾದರೆ ನೀವು ಹೋಗಬಾರದೆಂದು ನಾನು ಹೇಳುತ್ತಿಲ್ಲ. ಹೊರಡುವುದಕ್ಕೆ ಆರು ತಿಂಗಳು ಮುಂಚಿತವಾಗಿ ಕಲಿಯಲು ಆರಂಭಿಸಿ, ಅಲ್ಲಿಗೆ ಹೋದ ಮೇಲೆ ತರಗತಿಯ ಅತ್ಯಂತ ಹಿಂದುಳಿದ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲು ಸಿದ್ಧರಾಗಿ. ತಪ್ಪುತಪ್ಪಾಗಿ ಮಾತನಾಡುವ ದೊಡ್ಡವರನ್ನು ಕಂಡರೆ ಮಕ್ಕಳಿಗೆ ಬಹಳ ಸಂತೋಷ. ನಿಮ್ಮನ್ನು ತಿದ್ದುವುದಕ್ಕಾಗಿಯೇ ಅವರು ಐರಿಷ್ ಮಾತನಾಡುತ್ತಾರೆ. ಐರಿಷ್ ಬಾರದ ಸ್ವಯಂಸೇವಕಿ ಆ ಶಾಲೆಗೆ ಕೊಡಬಹುದಾದ ಅತ್ಯಂತ ಉಪಯುಕ್ತವಾದ ಕೊಡುಗೆ ಅದೇ ಎಂದು ನಾನು ನಂಬಿದ್ದೇನೆ. ಮೊದಲು ಕಲಿಯಬೇಕಾದದ್ದು ವ್ಯಾಕರಣದ ಪಟ್ಟಿಗಳನ್ನಲ್ಲ, ತರಗತಿಯ ಮಾತುಗಳನ್ನು: ಕುಳಿತುಕೊಳ್ಳಿ, ಬಾಗಿಲು ಮುಚ್ಚು, ನಿಧಾನ, ಶಭಾಷ್. ಶೌಚಾಲಯಕ್ಕೆ ಹೋಗಲು ಅನುಮತಿ ಕೇಳುವ ‘ಅನ್ ವಿಲ್ ಕ್ಯಾಡ್ ಅಗಮ್ ದುಲ್ ಗೊ ಜೀ ಅನ್ ಲೆಹ್ರಸ್’ ಎಂಬ ವಾಕ್ಯವಂತೂ, ಶಾಲೆಯಲ್ಲಿ ಕಲಿತ ಐರಿಷನ್ನೆಲ್ಲ ಮರೆತ ಐರ್ಲೆಂಡಿನ ಹಿರಿಯರಿಗೂ ಬಾಯಿಪಾಠವಾಗಿರುತ್ತದೆ.

ಕನ್ನಡ ಬಲ್ಲವರಿಗೆ ಈ ಭಾಷೆಯಲ್ಲಿ ಕೆಲವು ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಇಂಗ್ಲಿಷಿನವರು ಪುಸ್ತಕವನ್ನು ‘ಹೊಂದಿರುತ್ತಾರೆ’. ಐರಿಷಿನಲ್ಲಿ ಹಾಗೆ ಹೇಳುವ ಕ್ರಿಯಾಪದವೇ ಇಲ್ಲ. ‘ತಾ ಲ್ಯಾವರ್ ಅಗಮ್’ ಎಂದರೆ ಪದಕ್ಕೆ ಪದವಾಗಿ ‘ಇದೆ ಪುಸ್ತಕ ನನ್ನ ಹತ್ತಿರ’. ಹಸಿವನ್ನು ಅವರು ತಾವು ಮಾಡುವ ಕ್ರಿಯೆಯೆಂದು ಹೇಳುವುದಿಲ್ಲ, ‘ನನ್ನ ಮೇಲೆ ಹಸಿವಿದೆ’ ಎನ್ನುತ್ತಾರೆ. ‘ನನಗೆ ಹಸಿವಾಗಿದೆ’ ಎನ್ನುವ ನಮಗೆ ಅದು ಕೂಡಲೇ ಹೊಂದಿಕೊಳ್ಳುತ್ತದೆ. ‘ಹೌದು’, ‘ಅಲ್ಲ’ಗಳಿಗೆ ಒಂಟಿ ಪದಗಳಿಲ್ಲ. ‘ಬರುತ್ತೀಯಾ’ ಎಂದರೆ ನಾವು ‘ಬರುತ್ತೇನೆ’ ಎನ್ನುವಂತೆ ಕೇಳಿದ ಕ್ರಿಯಾಪದದಿಂದಲೇ ಉತ್ತರಿಸಬೇಕು. ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ತಂದದ್ದು ಅವರ ‘ಉರೂ’ ಎಂಬ ನಿಯಮ. ಬೆಕ್ಕಿಗೆ ‘ಕಾತ್’ ಎನ್ನುತ್ತಾರೆ, ‘ನಮ್ಮ ಬೆಕ್ಕು’ ಎನ್ನುವಾಗ ಅದು ‘ಆರ್ ಗಾತ್’ ಆಗುತ್ತದೆ. ಕ, ತ, ಪ ಕಾರಗಳ ಸ್ಥಾನದಲ್ಲಿ ಗ, ದ, ಬ ಕಾರಗಳು ಬರುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವುದನ್ನು, ಹೂ ಮತ್ತು ತೋಟ ಸೇರಿ ಹೂದೋಟವಾಗುವುದನ್ನು ಆದೇಶಸಂಧಿಯೆಂದು ಮಕ್ಕಳಿಗೆ ಪಾಠ ಹೇಳಿದ ನಿಮಗೆ ಇದನ್ನು ಯಾರೂ ಎರಡು ಸಲ ವಿವರಿಸಬೇಕಾಗುವುದಿಲ್ಲ. ಎರಡು ಭಾಷೆಗಳಿಗೂ ನಂಟಿಲ್ಲ, ಐರಿಷಿನ ವಾಕ್ಯದಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ನಮ್ಮದರಲ್ಲಿ ಕೊನೆಗೆ. ಆದರೂ ಕಲಿಯುವವರಿಗೆ ಇಷ್ಟು ಆಸರೆ ಸಾಕು.

ಕೇಳಿ ಕಲಿಯಲು 1972ರಿಂದ ಪ್ರಸಾರವಾಗುತ್ತಿರುವ ರೇಡಿಯೊ ನ ಗೇಲ್ಟಾಖ್ಟ ಇದೆ, 1996ರಲ್ಲಿ ಆರಂಭವಾದ ಐರಿಷ್ ಟಿ.ವಿ. ವಾಹಿನಿ ಟಿ.ಜಿ.4 ಇದೆ. ಉತ್ತರದ ಅಲ್‌ಸ್ಟರ್, ಪಶ್ಚಿಮದ ಕಾನಾಕ್ಟ್, ದಕ್ಷಿಣದ ಮನ್‌ಸ್ಟರ್ ಎಂದು ಮೂರು ಮುಖ್ಯ ಉಪಭಾಷೆಗಳಿವೆ. ಬೆಲ್‌ಫಾಸ್ಟಿಗೆ ಹೋಗುವವರು ಅಲ್‌ಸ್ಟರ್ ಉಚ್ಚಾರಣೆಗೆ ಕಿವಿ ಪಳಗಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಬೆಲ್‌ಫಾಸ್ಟ್, ಡೆರಿ ಅಥವಾ ಗಾಲ್ವೇ, ಎಲ್ಲಿಯಾದರೂ ಸರಿ, ಎಂಟು ತಿಂಗಳು ಸ್ವಯಂಸೇವೆ ಮಾಡಬೇಕೆಂದಿದ್ದೇನೆ. ಒಂದೇ ದ್ವೀಪವಾದ್ದರಿಂದ ಒಂದು ವೀಸಾ ಸಾಕಲ್ಲವೇ? ಸಂಬಳವಿಲ್ಲದ ಕೆಲಸವಾದ್ದರಿಂದ ಪ್ರವಾಸಿ ವೀಸಾದಲ್ಲಿ ಹೋಗಬಹುದು ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ.

ಉತ್ತರ: ಆ ಏಜೆಂಟರ ಮಾತನ್ನು ದಯವಿಟ್ಟು ನಂಬಬೇಡಿ. ದ್ವೀಪ ಒಂದಾದರೂ ರಾಜ್ಯಗಳು ಎರಡು. ಗಾಲ್ವೇ ಐರ್ಲೆಂಡ್ ಗಣರಾಜ್ಯದಲ್ಲಿದೆ, ಅಲ್ಲಿ ಯೂರೋ ನಡೆಯುತ್ತದೆ. ಬೆಲ್‌ಫಾಸ್ಟ್ ಮತ್ತು ಡೆರಿ ಉತ್ತರ ಐರ್ಲೆಂಡಿನಲ್ಲಿವೆ, ಅಂದರೆ ಯುನೈಟೆಡ್ ಕಿಂಗ್‌ಡಮ್‌ನಲ್ಲಿವೆ, ಅಲ್ಲಿ ಪೌಂಡ್ ನಡೆಯುತ್ತದೆ. ಇವೆರಡರ ವೀಸಾಗಳು ಬೇರೆ ಬೇರೆ.

ಐರ್ಲೆಂಡಿನಲ್ಲಿ ಅಲ್ಪಾವಧಿಯ ಸಂದರ್ಶಕ ವೀಸಾದ ಮೇಲೆ ಸಂಬಳದ ಕೆಲಸವನ್ನಾಗಲಿ ಸಂಬಳವಿಲ್ಲದ ಕೆಲಸವನ್ನಾಗಲಿ ಮಾಡುವಂತಿಲ್ಲ. 90 ದಿನಗಳಿಗಿಂತ ಹೆಚ್ಚು ಕಾಲ ಸ್ವಯಂಸೇವಕರಾಗಿ ಇರಲು ಅಲ್ಲಿನ ಸಂಸ್ಥೆಯ ಆಹ್ವಾನದೊಂದಿಗೆ ದೀರ್ಘಾವಧಿಯ ‘ಡಿ’ ವೀಸಾಕ್ಕೆ ಅರ್ಜಿ ಹಾಕಬೇಕು, ತಲುಪಿದ ಮೇಲೆ ವಲಸೆ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಯುನೈಟೆಡ್ ಕಿಂಗ್‌ಡಮ್‌ನಲ್ಲಿ, ಬೇರೆ ಉದ್ದೇಶಕ್ಕೆ ಬಂದ ಸಂದರ್ಶಕರು ನೋಂದಾಯಿತ ದತ್ತಿ ಸಂಸ್ಥೆಯಲ್ಲಿ ಒಟ್ಟು 30 ದಿನ ಮೀರದಂತೆ ಸೇವೆ ಮಾಡಬಹುದು. ಸೇವೆಯೇ ಪ್ರಯಾಣದ ಮುಖ್ಯ ಉದ್ದೇಶವಾದರೆ ದತ್ತಿ ಕಾರ್ಯಕರ್ತರ ವೀಸಾ ಬೇಕು. ಅದಕ್ಕೆ ಅಲ್ಲಿನ ಪರವಾನಗಿ ಪಡೆದ ದತ್ತಿ ಸಂಸ್ಥೆಯೊಂದು ನಿಮಗೆ ಪ್ರಾಯೋಜಕ ಪ್ರಮಾಣಪತ್ರ ಕೊಡಬೇಕು. ಈ ವೀಸಾದ ಗರಿಷ್ಠ ಅವಧಿ 12 ತಿಂಗಳು. ಸಂಸ್ಥೆ ನಿಮ್ಮ ಖರ್ಚಿನ ಹೊಣೆ ಹೊರದಿದ್ದರೆ ಖಾತೆಯಲ್ಲಿ 1,270 ಪೌಂಡ್ 28 ದಿನಗಳ ಕಾಲ ಸತತವಾಗಿ ಇದ್ದುದನ್ನು ತೋರಿಸಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲ ಇರುವ ಭಾರತೀಯರಿಗೆ ಕ್ಷಯರೋಗ ಪರೀಕ್ಷೆಯ ಪ್ರಮಾಣಪತ್ರವೂ ಬೇಕು. ಶುಲ್ಕಗಳು ಆಗಾಗ ಬದಲಾಗುವುದರಿಂದ ಎರಡೂ ಸರ್ಕಾರಗಳ ಅಧಿಕೃತ ಜಾಲತಾಣಗಳನ್ನು ಅರ್ಜಿ ಹಾಕುವ ವಾರದಲ್ಲೇ ನೋಡಿಕೊಳ್ಳಿ.

ನಿಮ್ಮ ವಯಸ್ಸು 18ರಿಂದ 30ರ ನಡುವೆ ಇದ್ದು ಪದವಿ ಮುಗಿದಿದ್ದರೆ ಮತ್ತೊಂದು ದಾರಿಯಿದೆ. ಭಾರತದ ಯುವ ವೃತ್ತಿಪರರಿಗಾಗಿ ಯುನೈಟೆಡ್ ಕಿಂಗ್‌ಡಮ್ ಲಾಟರಿ ಪದ್ಧತಿಯಲ್ಲಿ ಎರಡು ವರ್ಷಗಳ ವೀಸಾ ಕೊಡುತ್ತದೆ, ಅದಕ್ಕೆ 2,530 ಪೌಂಡ್ ಉಳಿತಾಯ ತೋರಿಸಬೇಕು. ಅದರಲ್ಲಿ ಅರ್ಧ ಹೊತ್ತು ದುಡಿದು ಅರ್ಧ ಹೊತ್ತು ಸೇವೆ ಮಾಡಲು ಅಡ್ಡಿಯಿಲ್ಲ. ಯುರೋಪಿಯನ್ ಸಾಲಿಡಾರಿಟಿ ಕೋರ್ ಎಂಬ ಯುವ ಸ್ವಯಂಸೇವಾ ಯೋಜನೆಯ ಬಗ್ಗೆ ಹಲವರು ಕೇಳಿದ್ದಾರೆ. ಅದು ಯುರೋಪ್ ಒಕ್ಕೂಟದಲ್ಲಿ ಮತ್ತು ಅದರೊಡನೆ ಒಪ್ಪಂದವಿರುವ ಕೆಲವು ದೇಶಗಳಲ್ಲಿ ವಾಸಿಸುವವರಿಗೆ ಮೀಸಲು. ಜರ್ಮನಿಯಲ್ಲಿ ಕಾನೂನುಬದ್ಧವಾಗಿ ನೆಲೆಸಿ ಓದುತ್ತಿರುವ ಕನ್ನಡಿಗರು ಅದರ ಮೂಲಕ ಗಾಲ್ವೇಗೆ ಹೋಗಬಹುದು, ಭಾರತದಿಂದ ನೇರವಾಗಿ ಆಗದು.

ಗಡಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಡೆರಿ ನಗರದಿಂದ ಗಣರಾಜ್ಯದ ಡನಿಗಾಲ್ ಜಿಲ್ಲೆಗೆ ಬಸ್ಸಿನಲ್ಲಿ ಹೋದರೆ ಗಡಿ ದಾಟಿದ್ದು ತಿಳಿಯುವುದೇ ಇಲ್ಲ. ಗೇಟಿಲ್ಲ, ಠಾಣೆಯಿಲ್ಲ, ರಸ್ತೆ ಫಲಕಗಳಲ್ಲಿ ಮೈಲಿ ಹೋಗಿ ಕಿಲೊಮೀಟರ್ ಬರುತ್ತದೆ, ಅಷ್ಟೇ. ಜೊತೆಗಿರುವ ಸ್ಥಳೀಯರು ವಾರಕ್ಕೆರಡು ಸಲ ಆಚೆಗೆ ಹೋಗಿ ಬರುತ್ತಾರೆ, ನಿಮ್ಮನ್ನೂ ಕರೆಯುತ್ತಾರೆ. ಆದರೆ ದತ್ತಿ ಕಾರ್ಯಕರ್ತರ ಬ್ರಿಟಿಷ್ ವೀಸಾ ಮಾತ್ರ ಇರುವ ಭಾರತೀಯರಿಗೆ ಆಚೆ ಕಾಲಿಡುವ ಹಕ್ಕಿಲ್ಲ. ಶಾಲೆಯ ಮಕ್ಕಳ ಪ್ರವಾಸ ಡನಿಗಾಲಿನ ಐರಿಷ್ ಭಾಷಿಕ ಹಳ್ಳಿಗಳಿಗೇ ಹೋಗುವುದು ಹೆಚ್ಚಾದ್ದರಿಂದ, ನಿಮ್ಮ ವೀಸಾದ ಸ್ಥಿತಿಯನ್ನು ಮೊದಲ ದಿನವೇ ಶಾಲೆಗೆ ತಿಳಿಸಿಬಿಡಿ.

ಇನ್ನು ಮಕ್ಕಳೊಡನೆ ಕೆಲಸ ಮಾಡುವವರ ಪೂರ್ವಾಪರ ತಪಾಸಣೆ. ಉತ್ತರದಲ್ಲಿ ಅದನ್ನು ಆಕ್ಸೆಸ್ ಎನ್.ಐ. ಎಂಬ ಸರ್ಕಾರಿ ವಿಭಾಗ, ಗಣರಾಜ್ಯದಲ್ಲಿ ಗಾರ್ಡಾ ಪೊಲೀಸರ ತಪಾಸಣಾ ವಿಭಾಗ ಮಾಡುತ್ತದೆ. ಗಾರ್ಡಾ ತಪಾಸಣೆಗೆ ನೀವಾಗಿಯೇ ಅರ್ಜಿ ಹಾಕಲು ಬರುವುದಿಲ್ಲ, ಸಂಸ್ಥೆಯ ಮೂಲಕವೇ ಆಗಬೇಕು. ತಪಾಸಣೆಯ ಮಾತನ್ನೇ ಎತ್ತದೆ ‘ಬಂದುಬಿಡಿ, ಮಕ್ಕಳ ಜೊತೆ ಇರಬಹುದು’ ಎನ್ನುವ ಸಂಸ್ಥೆಗೂ, ಸೇವೆ ಮಾಡಲು ನಿಮ್ಮಿಂದಲೇ ಲಕ್ಷಗಟ್ಟಲೆ ಹಣ ಕೇಳುವ ಏಜೆನ್ಸಿಗೂ ದೂರದಿಂದಲೇ ನಮಸ್ಕರಿಸಿ. ಗಣರಾಜ್ಯದಲ್ಲಿ ವಾಲಂಟಿಯರ್ ಐರ್ಲೆಂಡ್, ಉತ್ತರದಲ್ಲಿ ವಾಲಂಟಿಯರ್ ನೌ ಎಂಬ ಸಂಸ್ಥೆಗಳಲ್ಲಿ ವಿಚಾರಿಸಲು ಹಣ ತೆರಬೇಕಾಗಿಲ್ಲ.

ಪ್ರಶ್ನೆ: ನನ್ನ ಮಗಳು ಪಶ್ಚಿಮ ಬೆಲ್‌ಫಾಸ್ಟಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಬಾಂಬು, ಗೋಲಿಬಾರಿನ ಸುದ್ದಿಯಿಂದಲೇ ಆ ಊರಿನ ಹೆಸರು ನನಗೆ ಪರಿಚಿತ. ಸಮುದಾಯ ಭವನದಲ್ಲಿ ಅವಳು ಮಾಡುವುದಾದರೂ ಏನು? ಕಳುಹಿಸಬಹುದೇ?

ಉತ್ತರ: ಅಮ್ಮಾ, ನೀವು ಕೇಳಿದ ಸುದ್ದಿ ಸುಳ್ಳಲ್ಲ, ಹಳೆಯದು. ಬ್ರಿಟನ್ನಿನೊಡನೆ ಉಳಿಯಬೇಕೆನ್ನುವವರು (ಹೆಚ್ಚಾಗಿ ಪ್ರಾಟೆಸ್ಟೆಂಟರು) ಮತ್ತು ಐರ್ಲೆಂಡ್ ಗಣರಾಜ್ಯವನ್ನು ಸೇರಬೇಕೆನ್ನುವವರ (ಹೆಚ್ಚಾಗಿ ಕ್ಯಾಥೊಲಿಕರು) ನಡುವೆ ಸುಮಾರು ಮೂವತ್ತು ವರ್ಷ ನಡೆದ ಆ ಸಂಘರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು, 1998ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದವಾಯಿತು. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಬೀದಿಗಳ ನಡುವಣ ಎತ್ತರದ ಗೋಡೆಗಳು ಇನ್ನೂ ನಿಂತಿವೆ, ಕೆಲವು ಗೇಟುಗಳನ್ನು ಈಗಲೂ ರಾತ್ರಿ ಮುಚ್ಚುತ್ತಾರೆ. ಆದರೂ ದಿನನಿತ್ಯದ ಬದುಕು ಶಾಂತವಾಗಿದೆ.

ಇಂದಿನ ಆತಂಕ ಬೇರೆಯದು, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. 2024ರ ಆಗಸ್ಟ್‌ನಲ್ಲಿ ಬೆಲ್‌ಫಾಸ್ಟ್‌ನಲ್ಲಿ ವಲಸಿಗರ ಅಂಗಡಿಗಳ ಮೇಲೆ ದಾಳಿಗಳಾದವು. ಡಬ್ಲಿನ್ ಸುತ್ತಮುತ್ತ ಭಾರತೀಯರ ಮೇಲೆ ನಡೆದ ಹಲ್ಲೆಗಳ ನಂತರ 2025ರ ಆಗಸ್ಟ್ 1ರಂದು ಅಲ್ಲಿನ ಭಾರತೀಯ ರಾಯಭಾರ ಕಚೇರಿ, ಅಪವೇಳೆಯಲ್ಲಿ ನಿರ್ಜನ ಸ್ಥಳಗಳಿಗೆ ಹೋಗಬೇಡಿರೆಂದು ಎಚ್ಚರಿಕೆ ಹೊರಡಿಸಿತು. ಆದ್ದರಿಂದ ಮಗಳ ವಸತಿ ಎಲ್ಲಿ, ಸಂಜೆ ಭವನದಿಂದ ಮನೆಗೆ ಯಾರ ಜೊತೆ ಬರುತ್ತಾಳೆ, ತೊಂದರೆಯಾದರೆ ಸಂಸ್ಥೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅವಳು ಹೊರಡುವ ಮುನ್ನ ಬರಹದಲ್ಲಿ ಕೇಳಿ ಪಡೆಯಿರಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುವುದರಿಂದ ಇದು ಸಣ್ಣ ವಿಷಯವಲ್ಲ. ಜುಲೈ 11ರ ರಾತ್ರಿ ಪ್ರಾಟೆಸ್ಟೆಂಟರು ದೊಡ್ಡ ದೊಡ್ಡ ಬೆಂಕಿ ಹಾಕಿ 12ರಂದು ಮೆರವಣಿಗೆ ಮಾಡುವ ಪದ್ಧತಿಯಿದೆ. ಆ ಎರಡು ದಿನ ಎಲ್ಲಿರಬೇಕೆಂಬುದನ್ನು ಸ್ಥಳೀಯರೇ ಹೇಳುತ್ತಾರೆ, ಅವರ ಮಾತನ್ನು ಕೇಳಬೇಕು. ತುರ್ತು ಕರೆಗೆ ಸಂಖ್ಯೆ 999 ಅಥವಾ 112.

ಇನ್ನು ಭವನದ ಕೆಲಸ. ನಾನಿದ್ದ ಕಡೆ ಬೆಳಗ್ಗೆ ಕುರ್ಚಿ ಜೋಡಿಸುವುದರಿಂದ ದಿನ ಆರಂಭವಾಗುತ್ತಿತ್ತು. ಹತ್ತಕ್ಕೆ ಪುಟ್ಟ ಮಕ್ಕಳೊಡನೆ ಬರುವ ತಾಯಂದಿರು, ಹನ್ನೆರಡಕ್ಕೆ ವೃದ್ಧರ ಊಟ, ಮೂರರ ನಂತರ ಶಾಲೆಯ ಮಕ್ಕಳ ಹೋಂವರ್ಕ್, ಸಂಜೆ ದೊಡ್ಡವರ ಐರಿಷ್ ತರಗತಿ. ನನ್ನ ಪಾಲಿನ ಕೆಲಸದಲ್ಲಿ ಮುಖ್ಯವಾದದ್ದು ಚಹಾ. ಊಟವಾದ ಮೇಲೆ ಒಂಟಿಯಾಗಿ ಬದುಕುವ ಅಜ್ಜ ಅಜ್ಜಿಯರು ಎದ್ದು ಹೋಗದೆ ಕುಳಿತೇ ಇರುತ್ತಿದ್ದರು. ಎರಡನೆಯ ಲೋಟ ಚಹಾ ತಂದಿಟ್ಟು ಪಕ್ಕದಲ್ಲಿ ಕುಳಿತರೆ ಮಾತು ಹೊರಬರುತ್ತಿತ್ತು. ಆ ಅರ್ಧ ಗಂಟೆಯನ್ನು ಯಾವ ವೇಳಾಪಟ್ಟಿಯಲ್ಲಿಯೂ ಬರೆದಿರಲಿಲ್ಲ. ಹೊಸಬರು ಮೊದಮೊದಲು ಇದನ್ನು ಕೆಲಸವೆಂದೇ ಎಣಿಸುವುದಿಲ್ಲ. ನಿಮ್ಮ ಮಗಳಿಗೆ ಇದನ್ನು ಹೇಳಿ ಕಳುಹಿಸಿ.

ಅವಳು ಒಂದು ವಿಷಯದಲ್ಲಿ ನಾಲಿಗೆ ಬಿಗಿಹಿಡಿಯಬೇಕು: ಯಾರು ಸರಿ, ಯಾರು ತಪ್ಪು ಎಂಬ ತೀರ್ಪು. ಐರಿಷ್ ಒಂದೇ ಪಂಗಡದ, ಅಂದರೆ ಕ್ಯಾಥೊಲಿಕರ, ಭಾಷೆ ಎಂದು ಹೊರಗಿನವರು ಬೇಗ ತೀರ್ಮಾನಿಸಿಬಿಡುತ್ತಾರೆ. ಫಾಲ್ಸ್ ರಸ್ತೆಯ ಪ್ರಸಿದ್ಧ ಐರಿಷ್ ಸಾಂಸ್ಕೃತಿಕ ಕೇಂದ್ರ ‘ಕುಲ್ತೂರ್ಲನ್’ ಇರುವುದು ಹಿಂದೆ ಪ್ರೆಸ್ಬಿಟೇರಿಯನ್ (ಪ್ರಾಟೆಸ್ಟೆಂಟರ ಒಂದು ಪಂಥ) ಚರ್ಚಾಗಿದ್ದ ಕಟ್ಟಡದಲ್ಲಿ. ಅದಕ್ಕೆ ಇಟ್ಟ ಎರಡು ಹೆಸರುಗಳಲ್ಲಿ ಒಂದು ಹತ್ತೊಂಬತ್ತನೆಯ ಶತಮಾನದಲ್ಲಿ ಐರಿಷ್ ಹಸ್ತಪ್ರತಿಗಳನ್ನು ಸಂಗ್ರಹಿಸಿದ ಪ್ರೆಸ್ಬಿಟೇರಿಯನ್ ಉದ್ಯಮಿ ರಾಬರ್ಟ್ ಮೆಕಾಡಮ್ ಅವರದು, ಇನ್ನೊಂದು ಕ್ಯಾಥೊಲಿಕ್ ಕಾರ್ಡಿನಲ್ ತೊಮಾಸ್ ಓ ಫೀ ಅವರದು. ನಗರದ ಪೂರ್ವದಲ್ಲಿ, ಪ್ರಾಟೆಸ್ಟೆಂಟರೇ ಹೆಚ್ಚಾಗಿರುವ ನ್ಯೂಟೌನಾರ್ಡ್ಸ್ ರಸ್ತೆಯಲ್ಲಿ, ಲಿಂಡಾ ಅರ್ವಿನ್ ಅವರು ಕಟ್ಟಿದ ‘ತುರಸ್’ ಎಂಬ ಯೋಜನೆಯಲ್ಲಿ ಜನ ಐರಿಷ್ ಕಲಿಯುತ್ತಿದ್ದಾರೆ. ಆ ಪದದ ಅರ್ಥ ಪಯಣ.

ಪ್ರಶ್ನೆ: ಇಷ್ಟೆಲ್ಲ ಕಷ್ಟ ಏಕೆ? ಎಲ್ಲರಿಗೂ ಇಂಗ್ಲಿಷ್ ಬರುವ ನಾಡಿನಲ್ಲಿ, ಕೆಲವೇ ಜನ ಆಡುವ ಭಾಷೆಗಾಗಿ ನಾವು ಸಮುದ್ರ ದಾಟಿ ಹೋಗಿ ದುಡಿಯುವುದರಲ್ಲಿ ಅರ್ಥವಿದೆಯೇ?

ಉತ್ತರ: ಎಲ್ಲರಿಗೂ ಇಂಗ್ಲಿಷ್ ಬಂದದ್ದು ಹೇಗೆ ಎಂಬುದನ್ನು ತಿಳಿದರೆ ಈ ಪ್ರಶ್ನೆ ಬದಲಾಗುತ್ತದೆ. ಐರ್ಲೆಂಡ್ ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗ, 1831ರಲ್ಲಿ, ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ಶಾಲೆಗಳು ಮಕ್ಕಳಿಗೆ ಇಂಗ್ಲಿಷಿನಲ್ಲೇ ಕಲಿಸಿದವು. ಹಲವು ಕಡೆ ಮಗುವಿನ ಕೊರಳಿಗೆ ಒಂದು ಕೋಲು ಕಟ್ಟಿ, ಅದು ಐರಿಷ್ ಆಡಿದಾಗಲೆಲ್ಲ ಗೀರು ಹಾಕಿ, ಗೀರು ಎಣಿಸಿ ಹೊಡೆಯುತ್ತಿದ್ದರು. ಮಕ್ಕಳು ಬದುಕಿಕೊಳ್ಳಲಿ ಎಂಬ ಆಸೆಯಿಂದ ತಂದೆತಾಯಿಗಳೂ ಅದಕ್ಕೆ ಒಪ್ಪಿದ್ದರು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. 1845ರಿಂದ 1852ರವರೆಗಿನ ಆಲೂಗೆಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ದೇಶ ಬಿಟ್ಟರು. ಹೆಚ್ಚಿನ ಪೆಟ್ಟು ಬಿದ್ದದ್ದು ಐರಿಷ್ ಆಡುತ್ತಿದ್ದ ಬಡ ಪಶ್ಚಿಮ ಜಿಲ್ಲೆಗಳಿಗೆ.

ಗಣರಾಜ್ಯದ 2022ರ ಜನಗಣತಿಯಲ್ಲಿ 18,73,997 ಜನ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ಪ್ರತಿದಿನ ಆಡುವವರು 71,968 ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಕಂದರವನ್ನು ಕಾನೂನೊಂದೇ ತುಂಬಲಾರದು. ಐರಿಷ್ ಅಲ್ಲಿನ ಸಂವಿಧಾನದ ಪ್ರಕಾರ ಮೊದಲನೆಯ ಅಧಿಕೃತ ಭಾಷೆ, ಯುರೋಪ್ ಒಕ್ಕೂಟದಲ್ಲಿ 2007ರಿಂದ ಅಧಿಕೃತ ಭಾಷೆ; ಆದರೂ ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಜನ ಅದನ್ನು ಬಾಯಿಂದ ಆಡಿದರೆ ತಾನೇ ಅದು ಉಳಿಯುವುದು? ಅದನ್ನು ಅರಿತ ಕೆಲವು ಕುಟುಂಬಗಳು 1969ರಲ್ಲಿ ಬೆಲ್‌ಫಾಸ್ಟಿನ ಶಾಸ್ ರಸ್ತೆಯಲ್ಲಿ, ಮನೆಯಲ್ಲೂ ಬೀದಿಯಲ್ಲೂ ಐರಿಷ್ ಆಡೋಣವೆಂದು ಒಟ್ಟಾಗಿ ಮನೆ ಕಟ್ಟಿಕೊಂಡವು. 1971ರಲ್ಲಿ 9 ಮಕ್ಕಳೊಂದಿಗೆ ಶಾಲೆ ತೆರೆದರು. ಸರ್ಕಾರದ ಮಾನ್ಯತೆ ಸಿಕ್ಕಿದ್ದು 1984ರಲ್ಲಿ. ನಡುವಣ ವರ್ಷಗಳಲ್ಲಿ ಆ ಶಾಲೆಯನ್ನು ನಡೆಸಿದ್ದು ನೆರೆಹೊರೆಯವರು ಕೂಡಿಸಿಕೊಟ್ಟ ಹಣ ಮತ್ತು ಬಿಟ್ಟಿ ದುಡಿಮೆ. ಸ್ವಯಂಸೇವೆಯಿಂದಲೇ ಹುಟ್ಟಿದ ಇಂತಹ ಶಾಲೆಗಳಲ್ಲಿ ಹೊರಗಿನ ಎರಡು ಕೈಗಳಿಗೆ ಅರ್ಥವಿಲ್ಲವೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 63 ವರ್ಷ. ನನ್ನಂಥವರಿಗೆ ಅವಕಾಶವಿದೆಯೇ?

ಉತ್ತರ: ದತ್ತಿ ಕಾರ್ಯಕರ್ತರ ವೀಸಾಕ್ಕೆ ಕನಿಷ್ಠ ವಯಸ್ಸು 18, ಗರಿಷ್ಠ ಮಿತಿಯಿಲ್ಲ, ಮೇಷ್ಟರೇ. ಆದರೆ ಒಂದು ವರ್ಷಕ್ಕೆ ಕೈಹಾಕುವ ಮುನ್ನ ಡನಿಗಾಲಿನ ಗ್ಲೆನ್‌ಕೊಲಂಕಿಲ್ ಎಂಬ ಹಳ್ಳಿಗೆ ಒಂದು ವಾರ ಹೋಗಿ ಬನ್ನಿ. ಅಲ್ಲಿ 1984ರಿಂದ ‘ಇದಸ್ ಗೇಲ್’ ಎಂಬ ಸಂಸ್ಥೆ ವಯಸ್ಕರಿಗೆ ಐರಿಷ್ ಕಲಿಸುತ್ತಿದೆ, ಆರಂಭಿಕರಿಗೂ ತರಗತಿಗಳಿವೆ. ನಲವತ್ತು ವರ್ಷ ಕಲಿಸಿದವರು ಮತ್ತೆ ಕಲಿಯಲು ಕುಳಿತಾಗ ಹೇಗನ್ನಿಸುತ್ತದೆ ಎಂಬುದು ಆ ವಾರದಲ್ಲೇ ತಿಳಿದುಬಿಡುತ್ತದೆ.

ಪ್ರಶ್ನೆ: ನಾನು ಏಳನೆಯ ತರಗತಿ. ಅಲ್ಲಿನ ಮಕ್ಕಳು ನಿಮ್ಮನ್ನು ಏನೆಂದು ಕರೆಯುತ್ತಿದ್ದರು?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದೆ, ಪುಟ್ಟಾ. ನಾವು ಯಾರನ್ನಾದರೂ ಕೂಗಿ ಕರೆಯುವಾಗ ಹೆಸರಿನ ಬಾಲವನ್ನು ಎಳೆಯುತ್ತೇವೆ, ರಾಮ ಎಂಬುದು ರಾಮಾ ಆಗುತ್ತದೆ. ಐರಿಷಿನಲ್ಲಿ ಹೆಸರಿನ ತಲೆಯೇ ಬದಲಾಗುತ್ತದೆ. ಶೇಮಸ್ ಎಂಬ ಹುಡುಗನನ್ನು ಕರೆಯುವಾಗ ‘ಅ ಹೇಮಿಶ್’ ಎನ್ನಬೇಕು. ನನ್ನ ಹೆಸರು ‘ಮೀ’ ಅಕ್ಷರದಿಂದ ಆರಂಭವಾಗುತ್ತದೆ. ಹೊರದೇಶದ ಹೆಸರನ್ನು ಹಾಗೆಯೇ ಬಿಡಬಹುದೆಂದು ಶಿಕ್ಷಕಿ ಹೇಳಿದ್ದರೂ ಮಕ್ಕಳು ಒಪ್ಪಲಿಲ್ಲ. ಕ್ರಿಸ್ಮಸ್ ರಜೆ ಮುಗಿಸಿ ಬಂದ ದಿನ ಆ ಬೂಟಿನ ಲೇಸಿನ ಹುಡುಗನೇ ಕೋಟಿನ ಗೂಟದ ಹತ್ತಿರದಿಂದ ‘ಅ ವೀ…’ ಎಂದು ಕೂಗಿದ. ಯಾರನ್ನು ಕರೆಯುತ್ತಿದ್ದಾನೆಂದು ನಾನು ಹಿಂತಿರುಗಿ ನೋಡಿದೆ. ಅವನು ಇನ್ನೊಂದು ಕಾಲನ್ನೂ ಮುಂದೆ ಚಾಚಿಕೊಂಡು ನನ್ನನ್ನೇ ನೋಡುತ್ತಿದ್ದ.